ಈ ಸೂಚನೆ ಪೋಷಕರಿಗಷ್ಟೇ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಾನೊಂದು ಪುಟ್ಟ ಶಿಶುವಿಹಾರದ ಶಿಕ್ಷಕಿ. ಎರಡು ಕೋಣೆ, ಒಂದು ಅಂಗಳ, ಒಂದು ಜಾರುಬಂಡೆ, ಇಬ್ಬರು ಮಿಸ್ಸುಗಳು, ಒಬ್ಬ ಆಯಮ್ಮ. ಇಷ್ಟೇ ನಮ್ಮ ಸಾಮ್ರಾಜ್ಯ. ಹೊತ್ತು ಬೇಗ ಮುಳುಗತೊಡಗಿ ಬೆಳಗಿನ ಗಾಳಿಗೆ ತಣುಪು ಸೇರುವ ಈ ಶರತ್ಕಾಲದಲ್ಲಿ ಪೋಷಕರಿಗೊಂದು ಸೂಚನಾಪತ್ರ ಕಳಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಜ್ವರವಿದ್ದರೆ ಕಳಿಸಬೇಡಿ, ಸ್ವೆಟರಿಗೆ ಹೆಸರು ಬರೆಯಿರಿ, ಹೊತ್ತಿಗೆ ಸರಿಯಾಗಿ ಬಂದು ಕರೆದುಕೊಂಡು ಹೋಗಿ, ಗ್ರೂಪ್ ಫೋಟೊ ಇಂಥ ದಿನ, ಪೋಷಕರ ಸಭೆ ಅಂಥ ದಿನ. ವರ್ಷ ವರ್ಷವೂ ಅದೇ ಮಾತು, ತಾರೀಖು ಮಾತ್ರ ಬೇರೆ.

ಪೋಷಕರು ಅದನ್ನು ಓದುವುದಿಲ್ಲ ಎಂದು ನಾನು ದೂರುವುದಿಲ್ಲ. ಓದುತ್ತಾರೆ. ಅದರಲ್ಲೂ ತಾಯಂದಿರು ಎರಡೆರಡು ಸಲ ಓದಿ ಅನುಮಾನ ಕೇಳುತ್ತಾರೆ. ತೊಂದರೆ ಇರುವುದು ಅದನ್ನು ಓದದೇ ಇರುವ ಉಳಿದವರಲ್ಲಿ. ಮೊಮ್ಮಗಳ ಕಣ್ಣು ತಪ್ಪಿಸಿ ಗೇಟಿನಿಂದ ಜಾರಿಕೊಳ್ಳುವ ತಾತ, "ಅಷ್ಟಕ್ಕೆಲ್ಲಾ ಶಾಲೆ ಬಿಡಿಸ್ತಾರಾ, ಸಿರಪ್ ಹಾಕಿ ಕಳ್ಸು" ಎನ್ನುವ ಪಕ್ಕದ ಮನೆಯವರು, ಮಕ್ಕಳ ಜಾಕೆಟ್ಟಿನ ಟೊಪ್ಪಿಗೆ ಉದ್ದುದ್ದ ದಾರ ಪೋಣಿಸಿ ಮಾರುವವರು, ಎಲ್ಲರಿಗಿಂತ ಹೆಚ್ಚಾಗಿ, ಮಗುವಿಗೆ ಜ್ವರ ಎಂದಾಗ ಮುಖ ಗಂಟಿಕ್ಕುವ ಮೇಲಧಿಕಾರಿ. ಇವರಾರೂ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿಲ್ಲ. ನಿಮ್ಮ ಓದುಗರಲ್ಲಿ ಖಂಡಿತ ಇದ್ದಾರೆ. ಆದ್ದರಿಂದ ಈ ಸಲದ ಸೂಚನಾಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ. ಚಿಕ್ಕ ಮಕ್ಕಳ ವಿಷಯ ಚಿಕ್ಕದಾಗಿ ಮುಗಿಯುವುದಿಲ್ಲ.

ಮೊದಲು ಜ್ವರ. ನಮ್ಮ ನಿಯಮ ಬಹುತೇಕ ಕಡೆ ಇರುವಂಥದ್ದೇ. ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಜ್ವರವೆಂದೇ ಲೆಕ್ಕ ಹಿಡಿಯುತ್ತೇವೆ. ಔಷಧಿಯ ನೆರವಿಲ್ಲದೆ 24 ಗಂಟೆ ಜ್ವರ ಬಾರದೆ ಇದ್ದರೆ ಮಗು ಶಾಲೆಗೆ ಬರಬಹುದು. ಈ "ಔಷಧಿಯ ನೆರವಿಲ್ಲದೆ" ಎಂಬುದರ ಕೆಳಗೆ ನಾನು ಪ್ರತಿವರ್ಷ ಗೆರೆ ಎಳೆಯುತ್ತೇನೆ. ಪ್ಯಾರಾಸಿಟಮಾಲ್ ಸಿರಪ್ಪಿನ ಆಟವೆಲ್ಲ ನಾಲ್ಕರಿಂದ ಆರು ಗಂಟೆ. ಬೆಳಿಗ್ಗೆ ಏಳಕ್ಕೆ ಕುಡಿಸಿದರೆ ಒಂಬತ್ತಕ್ಕೆ ಮಗು ನಗುತ್ತಲೇ ಒಳಗೆ ಬರುತ್ತದೆ. ಬ್ಲಾಕ್ ಜೋಡಿಸುತ್ತದೆ, ಪಕ್ಕದವಳ ಕ್ರೆಯಾನ್ ಕಿತ್ತುಕೊಳ್ಳುತ್ತದೆ, ಬೈಸಿಕೊಳ್ಳುತ್ತದೆ. ಹನ್ನೊಂದೂವರೆಗೆ ಕಥೆ ಶುರುವಾದಾಗ ಉಳಿದವರೆಲ್ಲ ತಳ್ಳಾಡಿಕೊಂಡು ಮುಂದೆ ಸರಿದರೆ ಇದೊಂದು ಮಗು ಹಿಂದೆ ಗೋಡೆಗೊರಗಿ ಕೂತಿರುತ್ತದೆ. ಕೆನ್ನೆ ಕೆಂಪೇರಿದೆ, ರೆಪ್ಪೆ ಭಾರವಾಗಿದೆ, ಕಥೆಯಲ್ಲಿ ಹುಲಿ ಬಂದರೂ ಬೆಚ್ಚುವುದಿಲ್ಲ. ಹಣೆ ಮುಟ್ಟುವ ಮೊದಲೇ ನಮಗೆ ಗೊತ್ತಾಗುತ್ತದೆ. ಅಷ್ಟರೊಳಗೆ ಅದು ಬಾಯಿಗಿಟ್ಟ ಬ್ಲಾಕು ಇನ್ನು ನಾಲ್ಕು ಬಾಯಿಗೆ ಹೋಗಿ ಬಂದಿರುತ್ತದೆ.

ಆಮೇಲೆ ಫೋನಿನ ಪ್ರಸಂಗ. ತಾಯಿಗೆ ಮಾಡಿದರೆ ಪಿಸುದನಿ: "ಮಿಸ್, ಮೀಟಿಂಗಲ್ಲಿದೀನಿ, ಒಂದರ್ಧ ಗಂಟೆ ನೋಡ್ಕೊಳ್ತೀರಾ?" ತಂದೆಗೆ ಮಾಡಿದರೆ, "ಅವಳಿಗೇ ಮಾಡಿ ಮಿಸ್, ನಾನು ಸ್ವಲ್ಪ ಬಿಜಿ." ಬೆಳಿಗ್ಗೆಯೇ ಜ್ವರ ಇತ್ತಾ ಎಂದು ಕೇಳಿದರೆ ಇಬ್ಬರೂ ಇಲ್ಲವೆನ್ನುತ್ತಾರೆ. ನಿಜ ಹೇಳುವುದು ಮಗು: "ಅಮ್ಮ ಪಿಂಕ್ ಔಷಧಿ ಕುಡ್ಸಿದ್ರು. ಮಿಸ್‌ಗೆ ಹೇಳ್ಬೇಡ ಅಂದ್ರು." ಮೂರೂವರೆ ವರ್ಷದವರ ಬಳಿ ಯಾರೂ ಗುಟ್ಟು ಇಡಬಾರದು.

ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಿಯಮ ಆಕೆಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಆಕೆಯ ಖಾತೆಯಲ್ಲಿ ರಜೆ ಉಳಿದಿಲ್ಲ. ಲೆಕ್ಕ ಹಾಕಿ ನೋಡಿ. ಈ ವಯಸ್ಸಿನ ಆರೋಗ್ಯವಂತ ಮಗುವಿಗೇ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ ಎನ್ನುತ್ತಾರೆ ಮಕ್ಕಳ ವೈದ್ಯರು. ಮೊದಲ ಬಾರಿಗೆ ಹತ್ತಾರು ಮಕ್ಕಳ ನಡುವೆ ಸೇರಿದ ವರ್ಷ ಅದಕ್ಕೂ ಹೆಚ್ಚು. ನೆಗಡಿ ತರುವ ವೈರಸ್‌ಗಳೇ 200ಕ್ಕೂ ಮಿಕ್ಕಿ ಇವೆ. ಒಂದಕ್ಕೆ ಮೈ ಒಗ್ಗುವಷ್ಟರಲ್ಲಿ ಇನ್ನೊಂದು ಸಾಲಿನಲ್ಲಿ ನಿಂತಿರುತ್ತದೆ. "ನಿಮ್ಮಲ್ಲಿಗೆ ಸೇರಿಸಿದ ಮೇಲೇ ಮಿಸ್, ಬರೀ ಸೀಕು" ಎಂದು ಪೋಷಕರು ಹೇಳುವುದು ಸುಳ್ಳಲ್ಲ. ಅಷ್ಟೂ ನೆಗಡಿಗೆ, ಅದರ ಹಿಂದೆ ಬರುವ ಜ್ವರಕ್ಕೆ ತಾಯಿಯೊಬ್ಬಳೇ ರಜೆ ಹಾಕಬೇಕೆಂದರೆ ಯಾವ ಕಚೇರಿಯ ಹಾಜರಿ ಪುಸ್ತಕ ತಡೆದೀತು? ಆದ್ದರಿಂದ ಆಕೆ ಸಿರಪ್ ಕುಡಿಸಿ ದೇವರ ಮೇಲೆ ಭಾರ ಹಾಕುತ್ತಾಳೆ. ಮಧ್ಯಾಹ್ನದೊಳಗೆ ಆ ಭಾರ ನಮ್ಮ ಮೇಲೆ ಬರುತ್ತದೆ. ವಾರದೊಳಗೆ ಇನ್ನೂ ಐದು ಮನೆಯ ತಾಯಂದಿರ ಮೇಲೆ. ಒಬ್ಬರಿಗೆ ಒಂದು ದಿನ ರಜೆ ಕೊಡದೆ ಉಳಿಸಿದ ಕಚೇರಿಗಳು ಒಟ್ಟಿಗೆ ಸೇರಿ ಐದು ದಿನ ಕಳೆದುಕೊಳ್ಳುತ್ತವೆ. ಈ ಲೆಕ್ಕ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುವುದಿಲ್ಲ, ನಮ್ಮ ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ಹಾಗೆಂದು ಮೂಗು ಸೋರುವ ಮಕ್ಕಳನ್ನೆಲ್ಲ ಮನೆಯಲ್ಲಿ ಕೂರಿಸಿ ಎಂದು ನಾನು ಹೇಳಿದರೆ ಶರತ್ಕಾಲದಲ್ಲಿ ಶಾಲೆಗೆ ಬರುವವರು ಮಿಸ್ಸುಗಳು ಮಾತ್ರ. ಜ್ವರವಿಲ್ಲದೆ ಆಡಿಕೊಂಡಿರುವ, ಉಣ್ಣುತ್ತಿರುವ ಮಗು ಸುರಿವ ಮೂಗಿನೊಂದಿಗೇ ಬರಲಿ. ಸಿಂಬಳ ಹಸಿರಾಯಿತೆಂದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕೆಂದಿಲ್ಲ. ಆ ಔಷಧಿ ವೈರಸ್ಸಿಗೆ ಏನೂ ಮಾಡುವುದಿಲ್ಲ. ವಾಂತಿ ಭೇದಿಯಾದರೆ ಮಾತ್ರ ನಿಂತ ಮೇಲೂ ಎರಡು ದಿನ ಮನೆಯಲ್ಲಿರಲಿ. ಚಿಕನ್‌ಪಾಕ್ಸ್ ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವ ತನಕ. ಫ್ಲೂ ಲಸಿಕೆ ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲರಿಗೂ ಇದೆ, ಅದನ್ನು ಪ್ರತಿವರ್ಷ ಹಾಕಿಸಬೇಕಾಗುತ್ತದೆ. ನಿಮ್ಮ ವೈದ್ಯರನ್ನು ಕೇಳಿ, ನನ್ನನ್ನಲ್ಲ.

ಕಿಟಕಿಯ ವಿಷಯ ಅಜ್ಜಿಯರಿಗೆ. ನಮ್ಮ ತರಗತಿಯಲ್ಲಿ ಕಿಟಕಿ ತೆರೆದಿರುವುದನ್ನು ನೋಡಿ ನೀವು ಹೌಹಾರುತ್ತೀರಿ. "ಶೀತ ಗಾಳಿ ಮಿಸ್, ಮುಚ್ಚಿ" ಎನ್ನುತ್ತೀರಿ. ಗಾಳಿ ತಣ್ಣಗಿದೆ ಎಂದೇ ನೆಗಡಿ ಬರುವುದಿಲ್ಲ. ತಣ್ಣಗಾಯಿತೆಂದು ನಾವು ಬಾಗಿಲು ಕಿಟಕಿ ಜಡಿದುಕೊಂಡು, ಒಂದೇ ಕೋಣೆಯಲ್ಲಿ ಒಬ್ಬರ ಉಸಿರನ್ನು ಒಬ್ಬರು ಉಸಿರಾಡುತ್ತಾ ಕೂರುತ್ತೇವಲ್ಲ, ವೈರಸ್ಸಿಗೆ ಬೇಕಾದದ್ದು ಅದೇ. ಕಿಟಕಿ ತೆರೆದೇ ಇರುತ್ತದೆ. ಮಗುವಿಗೆ ಒಂದು ಪದರ ಹೆಚ್ಚು ಬಟ್ಟೆ ಹಾಕಿ ಕಳಿಸಿ, ಆದರೆ ಒಂದರ ಮೇಲೊಂದು ಬಿಚ್ಚುವಂತಿರಲಿ. ಅಂಗಳದಲ್ಲಿ ಹತ್ತು ನಿಮಿಷ ಓಡಿದ ಮಗು ದಪ್ಪ ಸ್ವೆಟರಿನೊಳಗೆ ಬೆವೆತು ತೊಪ್ಪೆಯಾಗುತ್ತದೆ.

ಕೈ-ಕಾಲು-ಬಾಯಿ ರೋಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ರೋಗದ ಸಲುವಾಗಿ ಅಷ್ಟಲ್ಲ, ಅದು ಬಂದಾಗ ದೊಡ್ಡವರು ಆಡುವ ರೀತಿಯ ಸಲುವಾಗಿ. ಹೆಚ್ಚಾಗಿ ಕಾಕ್ಸಾಕಿ ಎಂಬ ಗುಂಪಿನ ವೈರಸ್‌ಗಳಿಂದ ಬರುವ ಕಾಯಿಲೆ ಇದು. ಅಂಗೈ, ಅಂಗಾಲಿನಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು, ಒಂದೆರಡು ದಿನ ಜ್ವರ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಅದಕ್ಕೆಂದೇ ಔಷಧಿ ಇಲ್ಲ. ಯಾರಿಗಾದರೂ ಬಂದರೆ ನಾವು ಗ್ರೂಪಿನಲ್ಲಿ ಹಾಕುತ್ತೇವೆ: "ತರಗತಿಯಲ್ಲಿ ಒಂದು ಮಗುವಿಗೆ ಕಾಣಿಸಿಕೊಂಡಿದೆ, ಗಮನಿಸಿ." ಹೆಸರು ಹಾಕುವುದಿಲ್ಲ. ಆ ಸಂದೇಶ ಹೋದ ಮರುಕ್ಷಣವೇ ಪತ್ತೇದಾರಿ ಶುರು. ಯಾರು? ಎಲ್ಲಿ ಕೂರುತ್ತಾನೆ? ನಿನ್ನೆ ಯಾರ್ಯಾರು ಬಂದಿರಲಿಲ್ಲ? ಒಬ್ಬರು ಹಾಜರಿ ಹಾಕುತ್ತಾರೆ, ಇನ್ನೊಬ್ಬರು ಫೋಟೊ ಹಿಗ್ಗಿಸಿ ಕೆನ್ನೆಯ ಮೇಲಿನ ಸೊಳ್ಳೆ ಕಡಿತ ತೋರಿಸುತ್ತಾರೆ. ಮೈಗೆ ಏನೂ ಆಗದೆ ಅಜ್ಜಿಯ ಮನೆಗೆ ಹೋಗಿದ್ದ ಹುಡುಗ ರೋಗಿಯಾಗುತ್ತಾನೆ. ನಿಜವಾಗಿ ಕಾಯಿಲೆಯಿರುವ ಮಗುವಿನ ತಾಯಿ ಇದನ್ನೆಲ್ಲ ಓದುತ್ತಾ ಬಾಯಿ ಮುಚ್ಚಿಕೊಂಡಿರುತ್ತಾರೆ, ಮುಂದಿನ ಸಲ ನಮಗೂ ಹೇಳುವುದಿಲ್ಲ. ಇಂಥ ಕಡೆ ಕಾಯಿಲೆಗಿಂತ ಬೇಗ ಹರಡುವುದು ಮುಚ್ಚಿಡುವ ಬುದ್ಧಿ. ನೀವು ಹೆಸರು ಕೇಳಬೇಡಿ. ಕೇಳಿದರೂ ನಾವು ಹೇಳುವುದಿಲ್ಲ.

ಇನ್ನೊಂದು ವಿಷಯ, ಈ ರೋಗದ ವೈರಸ್ ಗುಣವಾದ ಮೇಲೂ ವಾರಗಟ್ಟಲೆ ಮಲದಲ್ಲಿ ಇರುತ್ತದೆ. ಪೂರ್ತಿ ಹೋಗುವವರೆಗೂ ಮನೆಯಲ್ಲಿಡಿ ಎನ್ನುವುದು ಆಗುಹೋಗುವ ಮಾತಲ್ಲ. ಜ್ವರ ಬಿಟ್ಟು, ಉಣ್ಣಲು ಶುರುಮಾಡಿ, ಲವಲವಿಕೆ ಬಂದರೆ ಮಗು ಬರಲಿ. ಅಲ್ಲಿಂದ ಮುಂದೆ ಕಾಯುವುದು ಸೋಪು. ಅಕ್ಟೋಬರ್ 15 ಜಾಗತಿಕ ಕೈ ತೊಳೆಯುವ ದಿನ, 2008ರಿಂದ ನಡೆದುಬಂದಿದೆ. ಆ ದಿನ ಎಲ್ಲ ಶಾಲೆಗಳಲ್ಲೂ ನೊರೆ ತುಂಬಿದ ಕೈ ಎತ್ತಿ ಹಿಡಿದ ಮಕ್ಕಳ ಫೋಟೊ ತೆಗೆಯುತ್ತಾರೆ, ಪತ್ರಿಕೆಗಳೂ ಹಾಕುತ್ತವೆ. ಫೋಟೊ ಹಾಕುವ ಮುನ್ನ ಒಂದು ವಿಚಾರಿಸಿ: ಆ ಶಾಲೆಯ ನಲ್ಲಿ ಮಗುವಿನ ಕೈಗೆ ಎಟುಕುತ್ತದೆಯೇ? 1907ರಲ್ಲಿ ಮರಿಯಾ ಮಾಂಟೆಸರಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದ ಮೇಲೆ ಮೇಜು ಕುರ್ಚಿಗಳನ್ನು ಮಕ್ಕಳ ಅಳತೆಗೇ ಮಾಡಿಸಿದರು. ಶತಮಾನ ದಾಟಿದರೂ ಎಷ್ಟೋ ಕಡೆ ವಾಶ್‌ಬೇಸಿನ್ ಮಾತ್ರ ದೊಡ್ಡವರ ಎತ್ತರದಲ್ಲೇ ನಿಂತಿದೆ. ನಮ್ಮಲ್ಲೂ ಹಾಗೇ, ಅದರ ಮುಂದೆ ಅಲುಗಾಡದ ಮರದ ಮಣೆ ಹಾಕಿದ್ದೇವೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಮಕ್ಕಳಿಗೆ ಸೆಕೆಂಡು ಎಣಿಸಲು ಬರುವುದಿಲ್ಲ, ಒಂದು ಪುಟ್ಟ ಹಾಡನ್ನು ಎರಡು ಸಲ ಹೇಳುತ್ತಾರೆ. ಅವಸರದಲ್ಲಿದ್ದರೆ ಹಾಡನ್ನೇ ಓಡಿಸುತ್ತಾರೆ, ಅದು ಬೇರೆ ಮಾತು. ಬ್ಯಾಗಿಗೆ ನೇತುಹಾಕಿ ಕಳಿಸುವ ಬಣ್ಣದ ಸ್ಯಾನಿಟೈಸರ್ ದಯವಿಟ್ಟು ಬೇಡ. ಮಣ್ಣು ಮೆತ್ತಿದ ಕೈಗೆ ಅದು ಪ್ರಯೋಜನವಿಲ್ಲ, ವಾಂತಿ ಭೇದಿ ತರುವ ನೊರೊವೈರಸ್ಸಿಗೆ ಅದು ಸೋಪು ನೀರಿನಷ್ಟು ಕೆಲಸ ಮಾಡುವುದಿಲ್ಲ, ಮತ್ತು ನಮ್ಮ ಹುಡುಗರು ಅದನ್ನು ನೆಕ್ಕಿ ನೋಡುತ್ತಾರೆ.

ಹೇನಿನ ಬಗ್ಗೆ ಒಂದೇ ಮಾತು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ದಾಟುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ಹೇನು ಸಿಕ್ಕಿತೆಂದು ಮಗುವನ್ನು ಶಾಲೆ ಬಿಡಿಸಬೇಕಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ಆ ಮಗುವಿನ ಪಕ್ಕ ನಮ್ಮವಳನ್ನು ಕೂರಿಸಬೇಡಿ ಎಂದು ಚೀಟಿ ಕಳಿಸುವುದನ್ನು ನಿಲ್ಲಿಸಿ.

ಈಗ ಬಟ್ಟೆ ಹೊಲಿಯುವವರಿಗೆ, ಮಾರುವವರಿಗೆ. ಮಕ್ಕಳ ಜಾಕೆಟ್ಟಿನ ಟೊಪ್ಪಿಯಲ್ಲಿ, ಕುತ್ತಿಗೆಯಲ್ಲಿ ಬಿಗಿಯುವ ದಾರ ಏಕೆ ಇಡುತ್ತೀರಿ? ಚೆಂದಕ್ಕೆ ಎನ್ನುತ್ತೀರಿ. ಮಗು ಜಾರುಬಂಡೆಯ ಮೇಲಿಂದ ಕೂತು ಜಾರುತ್ತದೆ, ದಾರದ ತುದಿಯ ಗಂಟು ಮೇಲಿನ ಕಂಬಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಮೈ ಕೆಳಗೆ ಹೋಗುತ್ತದೆ, ಕುತ್ತಿಗೆ ಮೇಲೆಯೇ ಉಳಿಯುತ್ತದೆ. ಹೀಗೆ ಮಕ್ಕಳು ಸತ್ತ ಮೇಲೆಯೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲಂಗಿಗಳಲ್ಲಿ ಇಂಥ ದಾರ ಇಡಬೇಡಿ ಎಂದು ತಯಾರಕರಿಗೆ ಮಾರ್ಗಸೂಚಿ ಹೊರಡಿಸಿದ್ದು. ಪೋಷಕರಿಗೆ ಹೇಳುವುದು ಸುಲಭ: ಮನೆಯಲ್ಲಿರುವ ಜಾಕೆಟ್ಟಿನಿಂದ ದಾರ ಎಳೆದು ತೆಗೆಯಿರಿ. ಬೆಲ್ಟು, ಬಿಗಿಯಾದ ಗುಂಡಿ, ಮೇಲಿಂದ ಕೆಳಗಿನವರೆಗೆ ಒಂದೇ ತುಂಡಿನ ಉಡುಪು ಇವೂ ಬೇಡ. ಅಪಾಯವಿದೆ ಎಂದಲ್ಲ, ಮೂರು ವರ್ಷದ ಮಗುವಿಗೆ ಬಂತು ಎಂದು ಗೊತ್ತಾಗುವುದಕ್ಕೂ ಬಂದೇಬಿಡುವುದಕ್ಕೂ ನಡುವೆ ಇರುವ ಹೊತ್ತು ಬಹಳ ಕಡಿಮೆ. ಇಲಾಸ್ಟಿಕ್ ಇರುವ ಚಡ್ಡಿ ಕಳಿಸಿ. ಬ್ಯಾಗಿನಲ್ಲಿಟ್ಟ ಬದಲಿ ಬಟ್ಟೆಯನ್ನೂ ಒಮ್ಮೆ ತೆಗೆದು ನೋಡಿ. ಸೇರಿಸುವಾಗ ಇಟ್ಟ ಚಡ್ಡಿ ಈಗ ತೊಡೆ ದಾಟುವುದಿಲ್ಲ.

ಹೆಸರು ಬರೆಯಿರಿ ಎಂದರೆ ಬಟ್ಟೆಯ ಒಳಗಡೆ, ಕಾಲರಿನ ಕೆಳಗೆ. ಎದೆಯ ಮೇಲೆ ದೊಡ್ಡದಾಗಿ ಬೇಡ; ಬೀದಿಯಲ್ಲಿ ಹೋಗುವ ಅಪರಿಚಿತರೆಲ್ಲ ಮಗುವನ್ನು ಹೆಸರು ಹಿಡಿದು ಕರೆಯುವಂತಾಗಬಾರದು.

ಜಾಕೆಟ್ ಹಾಕಿಕೊಳ್ಳುವುದನ್ನು ಮಗುವಿಗೇ ಬಿಡಿ. ಮಾಂಟೆಸರಿ ತರಗತಿಗಳಲ್ಲಿ ಕಲಿಸುವ ಒಂದು ಉಪಾಯವಿದೆ. ಜಾಕೆಟ್ಟನ್ನು ನೆಲದ ಮೇಲೆ ಒಳಭಾಗ ಮೇಲೆ ಕಾಣುವಂತೆ ಹರಡಬೇಕು. ಮಗು ಕಾಲರಿನ ಹತ್ತಿರ ನಿಲ್ಲಬೇಕು, ಅಂದರೆ ಜಾಕೆಟ್ ಮಗುವಿಗೆ ತಲೆಕೆಳಗಾಗಿ ಕಾಣಬೇಕು. ಬಗ್ಗಿ ಎರಡೂ ತೋಳಿನೊಳಗೆ ಕೈ ತೂರಿಸಿ, ಕೈ ಮೇಲೆತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾರಿಸಿದರೆ ಜಾಕೆಟ್ ಬೆನ್ನ ಮೇಲೆ ಬಂದು ಕೂರುತ್ತದೆ. ಮೊದಲ ದಿನ ಒಬ್ಬನ ಜಾಕೆಟ್ ಹಿಂದಿನವನ ಮುಖಕ್ಕೆ ಹೊಡೆಯುತ್ತದೆ, ಒಬ್ಬಳು ಒಂದೇ ತೋಳಿನಲ್ಲಿ ಎರಡೂ ಕೈ ಹಾಕಿ ನಿಂತಿರುತ್ತಾಳೆ. ವಾರ ಕಳೆಯುವಷ್ಟರಲ್ಲಿ ಸಾಲಾಗಿ ನಿಂತು ಹಾರಿಸುತ್ತಾರೆ. ಆಮೇಲೆ ಬಾಗಿಲಿಗೆ ಅಜ್ಜಿ ಬರುತ್ತಾರೆ, "ಅಯ್ಯೋ ಕಂದಾ ಬಾರೋ" ಎಂದು ತಾವೇ ತೋಳು ಹಿಡಿದು ತೊಡಿಸುತ್ತಾರೆ, ಹುಡುಗ ಗೊಂಬೆಯಂತೆ ಕೈ ಚಾಚಿ ನಿಲ್ಲುತ್ತಾನೆ. ಅಜ್ಜಿ, ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಅವನಿಗೆ ಬರುತ್ತದೆ. ನಿಮ್ಮೆದುರು ಬರುವುದಿಲ್ಲವಷ್ಟೆ.

ತಾತಂದಿರಿಗೆ ಬೇರೆಯೇ ವಿನಂತಿ. ರಜೆ ಮುಗಿಸಿ ಬಂದ ಮೊದಲ ದಿನಗಳಲ್ಲಿ, ಅಳು ನಿಂತಿದ್ದ ಮಕ್ಕಳೂ ಗೇಟಿನಲ್ಲಿ ಮತ್ತೆ ಅಳುತ್ತಾರೆ. ಅದು ಸಹಜ. ನೀವು ಮಗು ಆಟಿಕೆ ನೋಡುವ ಹೊತ್ತಿಗೆ ಮೆಲ್ಲಗೆ ಜಾರಿಕೊಂಡರೆ ಆ ಕ್ಷಣದ ಅಳು ತಪ್ಪಬಹುದು. ತಿರುಗಿ ನೋಡಿದಾಗ ತಾತ ಇಲ್ಲ ಎಂದು ಗೊತ್ತಾದ ಮಗು ಮರುದಿನದಿಂದ ನಿಮ್ಮ ಪಂಚೆ ಬಿಡುವುದಿಲ್ಲ, ಆಟಿಕೆಯ ಕಡೆ ತಿರುಗುವುದೂ ಇಲ್ಲ. ಹೇಳಿಯೇ ಹೋಗಿ. ಚಿಕ್ಕದಾಗಿ ಹೇಳಿ, ಒಂದು ಸಲ ಹೇಳಿ, ಹೇಳಿದ ಮೇಲೆ ಹೊರಡಿ. "ಈಗ್ಲೇ ಬಂದ್ಬಿಡ್ತೀನಿ" ಎನ್ನಬೇಡಿ, ಅದು ಸುಳ್ಳು. ಗಡಿಯಾರದ ಲೆಕ್ಕ ಮಗುವಿಗೆ ಅರ್ಥವಾಗುವುದಿಲ್ಲ, ಆದರೆ "ಊಟ ಆಗುತ್ತೆ, ಕಥೆ ಆಗುತ್ತೆ, ಆಮೇಲೆ ತಾತ" ಎಂದರೆ ಚೆನ್ನಾಗಿ ಅರ್ಥವಾಗುತ್ತದೆ. ಕಿಟಕಿಯ ಹೊರಗೆ ನಿಂತು ಇಣುಕುವುದಂತೂ ಬೇಡವೇ ಬೇಡ. ಅಳು ಬಹಳ ಹೊತ್ತು ಇರುವುದಿಲ್ಲ. ನಿಮ್ಮ ಮುಖ ಕಂಡರೆ ಮೊದಲಿನಿಂದ ಶುರು.

ಕರೆದುಕೊಂಡು ಹೋಗಲು ಬರುವ ಚಿಕ್ಕಪ್ಪ, ಸೋದರಮಾವಂದಿರೇ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಮಗುವನ್ನು ಕಳಿಸುವುದಿಲ್ಲ. "ನಮ್ಮಣ್ಣನ ಮಗೂನ ಕರ್ಕೊಂಡ್ ಹೋಗೋಕೆ ನಂಗೆ ಚೀಟಿ ಬೇಕಾ?" ಎಂದು ನೀವು ಗದರಿದರೂ, ಮಗು ಓಡಿ ಬಂದು ನಿಮ್ಮನ್ನು ತಬ್ಬಿಕೊಂಡರೂ ತಾಯಿ ತಂದೆಯರಿಗೆ ಫೋನ್ ಮಾಡಿ ಕೇಳಿಯೇ ಕಳಿಸುವುದು. ಬೇಜಾರು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ನಮಗೆ ಅಡ್ಡಿಯಿಲ್ಲ. ಗಾಡಿ ತರುವವರು ಗೇಟಿನ ಮುಂದೆ ರಿವರ್ಸ್ ತೆಗೆಯಬೇಡಿ. ಮೂರಡಿ ಎತ್ತರದ ಮಗು ಗಾಡಿಯ ಹಿಂದೆ ನಿಂತರೆ ಕನ್ನಡಿಯಲ್ಲಿ ಕಾಣುವುದಿಲ್ಲ, ಸಂಜೆ ಬೇಗ ಕತ್ತಲಾಗುವ ಈ ದಿನಗಳಲ್ಲಂತೂ ಇನ್ನೂ ಕಷ್ಟ.

ತಿನ್ನುವುದರ ಬಗ್ಗೆ: ಐದು ವರ್ಷದೊಳಗಿನವರಿಗೆ ಇಡೀ ಬೀಜಗಳನ್ನು ಕೊಡಬಾರದು, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಬೇಕು, ಅಡ್ಡ ಕತ್ತರಿಸಿದರೆ ಸಾಲದು, ದುಂಡಗಿನ ತುಂಡು ಆ ಚಿಕ್ಕ ಶ್ವಾಸನಾಳಕ್ಕೆ ಸರಿಯಾಗಿ ಕೂತುಬಿಡುತ್ತದೆ. ಅಲರ್ಜಿ ಇರುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ, ಆದ್ದರಿಂದ ಕೇಳದೆ ಹಂಚಲು ಏನನ್ನೂ ತರಬೇಡಿ.

ಇನ್ನು ಕಾರ್ಯಕ್ರಮಗಳು. ನನ್ನ ಸಹೋದ್ಯೋಗಿಗಳಿಗೆ, ಬೇರೆ ಶಾಲೆಗಳವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಶರತ್ಕಾಲ ಬಂತೆಂದರೆ ಹಳದಿ ದಿನ, ಕೇಸರಿ ದಿನ, ವೇಷದ ದಿನ. ಪೋಷಕರು ರಾತ್ರಿ ಎಂಟಕ್ಕೆ ಕೇಸರಿ ಬಣ್ಣದ ಅಂಗಿ ಹುಡುಕಿಕೊಂಡು ಅಲೆಯುತ್ತಾರೆ. ಮರುದಿನ ಅಂಟಿಸಿದ ಗಡ್ಡ ಕೆರೆಯುತ್ತಾ ಅಳುವ ಮಗುವಿನ ಫೋಟೊ ತೆಗೆದು ಹಾಕುತ್ತೇವೆ. ಈ ಗದ್ದಲದ ನಡುವೆ "ದಾರ ತೆಗೆಯಿರಿ" ಎಂಬ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ಈಗ ಒಂದೇ ಕಾರ್ಯಕ್ರಮ, ಎಲೆ ಆರಿಸುವ ದಿನ. ತರಬೇಕಾದದ್ದು ಒಂದು ಚೀಲ, ಹಳೆಯ ದಿನಪತ್ರಿಕೆ. ಆರಿಸಿದ ಎಲೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡುತ್ತೇವೆ, ಬಣ್ಣ ಬಳಿಯುವಾಗ ನೆಲಕ್ಕೂ ಅದನ್ನೇ ಹಾಸುತ್ತೇವೆ. ನಿಮ್ಮ ಸಂಪಾದಕೀಯಗಳ ಮೇಲೆ ನಮ್ಮ ಮಕ್ಕಳು ಸಾಕಷ್ಟು ಬಣ್ಣ ಚೆಲ್ಲಿದ್ದಾರೆ, ಅಭಿಪ್ರಾಯ ಭೇದವೇನೂ ಇಲ್ಲ. ಹಸಿರೆಲೆಗೆ ಹಳದಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹಳದಿ ಮೊದಲಿನಿಂದಲೂ ಎಲೆಯೊಳಗೇ ಇತ್ತು, ಮೇಲಿನ ಹಸಿರು ಹೋದ ಮೇಲೆ ಕಂಡಿತು ಎಂದರೆ ನಂಬುವುದಿಲ್ಲ. ಉಗುರಿನಿಂದ ಹಸಿರೆಲೆಯನ್ನು ಕೆರೆದು ನೋಡುತ್ತಾರೆ.

ಕೊನೆಯದಾಗಿ ನಿದ್ದೆ ಮತ್ತು ಸಭೆ. ಎರಡೂ ಒಂದೇ ಬಾಗಿಲಿಗೆ ಹೋಗಿ ಮುಟ್ಟುತ್ತವೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿತು. ನಾವೂ ಪ್ರತಿವರ್ಷ ಬರೆಯುತ್ತೇವೆ, ಎಂಟು ಎಂಟೂವರೆಗೆ ಮಲಗಿಸಿ ಎಂದು. ಒಬ್ಬ ತಂದೆ ಕೇಳಿದರು: "ನಾನು ಮನೆ ಸೇರೋದೇ ಒಂಬತ್ತೂವರೆಗೆ ಮಿಸ್. ಎಂಟಕ್ಕೆ ಮಲಗಿಸಿದ್ರೆ ಮಗಳನ್ನ ನಾನು ನೋಡೋದು ಯಾವಾಗ?" ಅದಕ್ಕೆ ನನ್ನ ಸೂಚನಾಪತ್ರದಲ್ಲಿ ಉತ್ತರವಿಲ್ಲ. ಆ ಮಗಳು ಹತ್ತೂವರೆಯವರೆಗೆ ಅಪ್ಪನಿಗಾಗಿ ಎದ್ದಿರುತ್ತಾಳೆ, ಬೆಳಿಗ್ಗೆ ನಮ್ಮಲ್ಲಿ ಬಂದು ಸಣ್ಣದಕ್ಕೂ ರಂಪ ಮಾಡುತ್ತಾಳೆ. ರಂಪವನ್ನು ನಾವು ದಾಖಲಿಸುತ್ತೇವೆ, ಅದರ ಕಾರಣ ಇರುವುದು ಯಾವುದೋ ಕಚೇರಿಯ ಸಂಜೆ ಏಳರ ಮೀಟಿಂಗಿನಲ್ಲಿ.

ಸಭೆಯೂ ಅಷ್ಟೇ. ಪ್ರತಿ ಮಗುವಿನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಲು ತಂದೆ ತಾಯಿ ಇಬ್ಬರನ್ನೂ ಕರೆಯುತ್ತೇವೆ, ಒಬ್ಬರು ಬರುತ್ತಾರೆ. ಯಾರು ಎಂದು ಹೇಳಬೇಕಾಗಿಲ್ಲ.

ಬೇರೆ ವ್ಯವಸ್ಥೆ ಸಾಧ್ಯವಿಲ್ಲವೇ ಎಂದರೆ, ಇದೆ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯ ಜಾಗದಲ್ಲಿ ತಂದೆ ತಾಯಿ ಇಬ್ಬರಿಗೂ ಸಲ್ಲುವ ಪೋಷಕ ವಿಮೆಯನ್ನು ತಂದಿತು. ಈಗ ಅಲ್ಲಿ ಮಗುವಿಗೆ ಕಾಯಿಲೆಯಾದರೆ ಇಬ್ಬರಲ್ಲಿ ಯಾರಾದರೂ ಮನೆಯಲ್ಲಿ ಉಳಿಯಬಹುದು, ಒಂದು ಮಗುವಿಗೆ ವರ್ಷಕ್ಕೆ 120 ದಿನಗಳವರೆಗೆ, ಒಂದು ಮಿತಿಯೊಳಗೆ ಸಂಬಳದ ಸುಮಾರು ಶೇ 80ರಷ್ಟು ವಿಮೆಯಿಂದ ಸಿಗುತ್ತದೆ. ಅಷ್ಟು ದಿನ ಯಾರೂ ಬಳಸಿ ಮುಗಿಸಬೇಕಿಲ್ಲ; ಇದೆ ಎಂದು ಗೊತ್ತಿದ್ದರೆ ಬೆಳಿಗ್ಗೆ ಏಳಕ್ಕೆ ಸಿರಪ್ಪಿನ ಬಾಟಲಿಗೆ ಕೈ ಹೋಗುವುದಿಲ್ಲ.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮೇಲಧಿಕಾರಿಗಳೇ, ಶಾಲೆಯಿಂದ ಫೋನ್ ಬಂದರೆ ಎದ್ದು ಹೋಗಿ ಮಾತನಾಡಲು ಬಿಡಿ. ಮಗುವಿಗೆ ಜ್ವರ ಎಂದು ರಜೆ ಕೇಳಿದವರು ಗಂಡಸಾದರೆ "ಮನೇಲಿ ಹೆಂಡ್ತಿ ಇಲ್ವಾ?" ಎಂದು ಕೇಳಬೇಡಿ. ವರ್ಷಕ್ಕೆ ಎರಡು ಸಲ ಶಾಲೆಯ ಸಭೆಗೆ ಒಂದು ಗಂಟೆ ಬಿಟ್ಟುಕೊಡಿ. ಇದಿಷ್ಟನ್ನು ನೀವು ಪಾಲಿಸಿದರೆ ನನ್ನ ಸೂಚನಾಪತ್ರ ಅರ್ಧ ಪುಟಕ್ಕೆ ಇಳಿಯುತ್ತದೆ.

ಸಂಪಾದಕರೇ, ಇದನ್ನು ಪ್ರಕಟಿಸಿದರೆ ಕತ್ತರಿಸಿ ತಮ್ಮ ತಮ್ಮ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸುವಂತೆ ನಮ್ಮ ಪೋಷಕರಿಗೆ ಹೇಳುವವಳಿದ್ದೇನೆ. ಅಂಟಿಸಿದವರು ಯಾರು ಎಂದು ಕೆಳಗೆ ಬರೆಯುವುದು ಕಡ್ಡಾಯವಲ್ಲ.

ಇಂತಿ,
ಒಬ್ಬ ಶಿಶುವಿಹಾರ ಶಿಕ್ಷಕಿ